ನೀರಿನ ಪರೀಕ್ಷೆ ಮೊದಲು, ಫಿಲ್ಟರ್ ಆಮೇಲೆ

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬುದು ನಮ್ಮ ಹಳೆಯ ಗಾದೆ. ಪಟ್ಟಣದ ಅಡುಗೆಮನೆಗಳಲ್ಲಿ ನೆಲೆಯೂರಿದ ನೀರು ಶುದ್ಧೀಕರಿಸುವ ಯಂತ್ರ ಈಗ ಹಳ್ಳಿಗೂ ಬಂದಿದೆ. ಸುಗ್ಗಿಯ ಹಣ ಕೈಸೇರುವ ಹೊತ್ತಿಗೆ ಮಾರುವವನೂ ಬಾಗಿಲಿಗೆ ಬರುತ್ತಾನೆ. ಕೊಳ್ಳಬೇಕೇ, ಬೇಡವೇ? ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬಾರದೆಂದು ಕೇಳುತ್ತಲೇ ಬಂದಿದ್ದೀರಿ. ಕುಡಿಯುವ ನೀರಿಗೂ ಅದೇ ಮಾತು ಸಲ್ಲುತ್ತದೆ.

ಮಾರುವವನು ತೋರಿಸುವ ಒಂದು ಚಮತ್ಕಾರವನ್ನು ಮೊದಲು ತಿಳಿದುಕೊಳ್ಳಿ. ಎರಡು ಲೋಟಗಳಲ್ಲಿ ನಿಮ್ಮ ಮನೆಯ ನೀರನ್ನೂ ಯಂತ್ರದ ನೀರನ್ನೂ ಇಟ್ಟು, ಎರಡರಲ್ಲೂ ಲೋಹದ ಕಡ್ಡಿಗಳನ್ನು ಇಳಿಬಿಟ್ಟು ವಿದ್ಯುತ್ ಹಾಯಿಸುತ್ತಾನೆ. ನಿಮ್ಮ ನೀರು ಕೆಸರಿನಂತೆ ಕಂದಾಗುತ್ತದೆ, ಅವನದು ತಿಳಿಯಾಗಿಯೇ ಉಳಿಯುತ್ತದೆ. ಮನೆಯವರು ಗಾಬರಿಯಾಗುತ್ತಾರೆ. ಆ ಕೆಸರು ನೀರಿನ ಕೊಳೆಯಲ್ಲ. ಕಬ್ಬಿಣದ ಕಡ್ಡಿಯೇ ಕರಗಿ ತುಕ್ಕಾಗಿರುವುದು. ಲವಣವಿರುವ ನೀರಿನಲ್ಲಿ ವಿದ್ಯುತ್ ಚೆನ್ನಾಗಿ ಹರಿಯುತ್ತದೆ, ಇಲ್ಲದ ನೀರಿನಲ್ಲಿ ಹರಿಯದು. ಅವನ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ತೋರಿಸೆನ್ನಿ. ಅದೂ ಕಂದಾಗುತ್ತದೆ.

ಪೆನ್ನಿನಂತಹ ಟಿ.ಡಿ.ಎಸ್. ಮೀಟರನ್ನೂ ಪೂರ್ತಿ ನಂಬಬೇಡಿ. ಅದು ಹೇಳುವುದು ಕರಗಿದ ಲವಣಗಳ ಒಟ್ಟು ಲೆಕ್ಕ ಮಾತ್ರ. ಆ ಲವಣ ಯಾವುದು, ನೀರಿನಲ್ಲಿ ರೋಗಾಣು ಇದೆಯೇ ಎಂಬುದನ್ನು ಅದು ಹೇಳಲಾರದು.

ನೀರಿನ ದೋಷ ಎರಡು ಬಗೆ. ಒಂದು ರೋಗಾಣುಗಳದು. ತೆರೆದ ಬಾವಿ, ಒಡೆದ ಪೈಪು, ತೊಳೆಯದ ಟ್ಯಾಂಕು ಇದರ ಮೂಲ. ವಾಂತಿಭೇದಿ, ಕಾಮಾಲೆ, ವಿಷಮಶೀತ ಜ್ವರ ಇದರ ಫಲ. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಶೋಧಿಸಿದ ನೀರನ್ನು ಕುದಿಸಿ, ಮುಚ್ಚಿಟ್ಟು, ಹಿಡಿಯಿರುವ ಸೌಟಿನಿಂದ ತೆಗೆದುಕೊಂಡರೆ ಸಾಕು. ಸರಿಯಾದ ಪ್ರಮಾಣದ ಕ್ಲೋರಿನ್ ಕೂಡ ಆಗುತ್ತದೆ.

ಇನ್ನೊಂದು ಬಗೆ ನೆಲದೊಳಗಿಂದ ಕರಗಿ ಬಂದದ್ದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಕೊಪ್ಪಳ, ರಾಯಚೂರು, ಗದಗ ಜಿಲ್ಲೆಗಳ ಅನೇಕ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡಿದಾಗ, ಹಿರಿಯರ ಸೊಂಟ ಮೊಣಕಾಲು ಬಿಗಿದಾಗಲೇ ಅದು ಕಣ್ಣಿಗೆ ಬೀಳುವುದು. ಒಮ್ಮೆ ಕೆಟ್ಟ ಹಲ್ಲು, ಬಾಗಿದ ಮೂಳೆ ಮೊದಲಿನಂತಾಗದು. ನೈಟ್ರೇಟ್ ಹೆಚ್ಚಾದರೆ ಹಸುಗೂಸುಗಳಿಗೆ ಅಪಾಯ. ಅದರ ಮೂಲ ಬಹುಮಟ್ಟಿಗೆ ನಾವೇ: ಬಾವಿಯ ಬಳಿಯ ತಿಪ್ಪೆ, ಕಕ್ಕಸು ಗುಂಡಿ, ಮಿತಿಮೀರಿ ಸುರಿದ ಯೂರಿಯಾ. ಕುದಿಸಿದರೆ ಇವೆರಡೂ ಹೋಗವು. ನೀರು ಆವಿಯಾದಷ್ಟೂ ಗಟ್ಟಿಯಾಗುತ್ತವೆ. ಕ್ಯಾಂಡಲ್ ಫಿಲ್ಟರಿಗೂ ಇವು ಸಿಗುವುದಿಲ್ಲ.

ಆದ್ದರಿಂದ ಪರೀಕ್ಷೆ ಮೊದಲು. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಯೋಜನೆಯಡಿ ನೀರಿನ ಪ್ರಯೋಗಾಲಯಗಳನ್ನು ಸಾರ್ವಜನಿಕರಿಗೂ ತೆರೆಯಲಾಗಿದೆ. ಹಳ್ಳಿಯ ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿಯೂ ನಡೆದಿದೆ. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಪಂಪನ್ನು ಸ್ವಲ್ಪ ಹೊತ್ತು ಓಡಿಸಿ, ಅದೇ ನೀರಿನಿಂದ ಶೀಸೆಯನ್ನು ಎರಡು ಮೂರು ಸಲ ಜಾಲಾಡಿಸಿ ತುಂಬಿರಿ. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರು ಕೊಡುವ ಶೀಸೆಯೇ ಬೇಕು. ಅದನ್ನು ಜಾಲಾಡಿಸದೆ ತುಂಬಿ ಅಂದೇ ತಲುಪಿಸಬೇಕು. ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ಮಾಡಿಸುವುದು ಲೇಸು.

ವರದಿ ಬಂದ ಮೇಲೆ ನಿರ್ಧಾರ ಸುಲಭ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಇರಬಹುದು. ಬೇರೆ ನೀರಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ. ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು. ಕರಗಿದ ಲವಣ 500 ಮಿಲಿಗ್ರಾಂ. ಬೇರೆ ದಾರಿ ಇಲ್ಲದಿದ್ದಲ್ಲಿ 2000ದವರೆಗೆ. ಈ ಅಂಕಿಗಳು ಮಿತಿಯೊಳಗಿದ್ದರೆ ಆರ್.ಓ. ಯಂತ್ರಕ್ಕೆ ಹಣ ಸುರಿಯುವುದು ದಂಡ. ಫ್ಲೋರೈಡ್, ನೈಟ್ರೇಟ್ ಮೀರಿದ್ದರೆ ಮಾತ್ರ ಆರ್.ಓ. ಮಾತು ಬರುತ್ತದೆ. ಆಗಲೂ ಊರಿನ ಶುದ್ಧ ನೀರಿನ ಘಟಕ ಸರಿಯಾಗಿ ನಡೆಯುತ್ತಿದೆಯೇ ಎಂದು ಮೊದಲು ನೋಡಿ.

ಅದಕ್ಕಿಂತಲೂ ಮೇಲಾದ ದಾರಿ ಮನೆಯ ಮಾಳಿಗೆಯ ಮೇಲೆಯೇ ಇದೆ. ಮಳೆ ನೀರಿನಲ್ಲಿ ಫ್ಲೋರೈಡಿನ ಕಾಟವಿಲ್ಲ. ಲೆಕ್ಕ ಹಾಕಿ ನೋಡಿ: ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರು, ಮಳೆಯಿಲ್ಲದ 200 ದಿನಗಳಿಗೆ 5000 ಲೀಟರು. ವರ್ಷಕ್ಕೆ 500 ಮಿಲಿಮೀಟರು ಮಳೆ ಬೀಳುವ ಊರಿನಲ್ಲಿ 500 ಚದರಡಿ ಮಾಳಿಗೆಯ ಮೇಲೆ ಸುಮಾರು 23,000 ಲೀಟರು ಬೀಳುತ್ತದೆ. ಅರ್ಧ ಪೋಲಾದರೂ ಎರಡು ಪಾಲು ಮಿಕ್ಕುತ್ತದೆ. ಮೊದಲ ಮಳೆಯನ್ನು ಹೊರಗೆ ಬಿಡಿ, ಮರಳು ಇದ್ದಲಿನಲ್ಲಿ ಶೋಧಿಸಿ, ಬೆಳಕು ಹೋಗದಂತೆ ತೊಟ್ಟಿಯನ್ನು ಮುಚ್ಚಿ, ಕುಡಿಯುವ ಮುನ್ನ ಕುದಿಸಿ. ತೊಟ್ಟಿಗೆ ಖರ್ಚಿದೆ, ನಿಜ. ಆದರೆ ಅದು ವರ್ಷಾನುಗಟ್ಟಲೆ ನಿಲ್ಲುತ್ತದೆ, ಕರೆಂಟು ಕೇಳುವುದಿಲ್ಲ.

ಯಂತ್ರವೇ ಬೇಕೆಂದಾದರೆ ಕೊಳ್ಳುವ ಮುಂಚೆ ಮೂರು ಪ್ರಶ್ನೆ ಕೇಳಿ. ಪೊರೆ, ಫಿಲ್ಟರ್ ಬದಲಿಸಲು ವರ್ಷಕ್ಕೆ ಎಷ್ಟು ಖರ್ಚು? ಕೆಟ್ಟರೆ ರಿಪೇರಿಯವನು ನಮ್ಮೂರಿಗೆ ಬರುತ್ತಾನೆಯೇ? ಒಂದು ಲೀಟರು ಶುದ್ಧ ನೀರಿಗೆ ಎಷ್ಟು ನೀರು ಹೊರಬೀಳುತ್ತದೆ? ಮನೆಯ ಯಂತ್ರಗಳಲ್ಲಿ ಎರಡು ಮೂರು ಲೀಟರು ಹೊರಹೋಗುವುದು ಸಾಮಾನ್ಯ. ಆ ನೀರಿನಲ್ಲಿ ದೋಷವೆಲ್ಲ ಗಟ್ಟಿಯಾಗಿರುತ್ತದೆ. ಕೊಟ್ಟಿಗೆ ತೊಳೆಯಲು, ಕಕ್ಕಸಿಗೆ ಬಳಸಿ, ದನಕರುಗಳಿಗೆ ಕುಡಿಸಬೇಡಿ. ಎಮ್ಮೆ ಹಸುಗಳ ಹಲ್ಲು ಮೂಳೆಗಳನ್ನೂ ಫ್ಲೋರೈಡ್ ಕೆಡಿಸುತ್ತದೆ. ಕೊಳವೆ ಬಾವಿಯ ಪಕ್ಕದ ಇಂಗುಗುಂಡಿಗಂತೂ ಬಿಡಲೇಬೇಡಿ.

ಕೊನೆಯದಾಗಿ, ಹಣವಿದ್ದವನು ಯಂತ್ರ ತಂದು ಕೈತೊಳೆದುಕೊಂಡರೆ ಕೂಲಿಯವನ ಮಗು ಅದೇ ನೀರು ಕುಡಿಯುತ್ತಿರುತ್ತದೆ. ಊರಿನ ಪ್ರತಿಯೊಂದು ನೀರಿನ ಮೂಲದ ಪರೀಕ್ಷೆಯ ಫಲವನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಸಬೇಕೆಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಈ ಕೆಲಸಕ್ಕೆ ದುಡ್ಡು ಬೇಕಿಲ್ಲ, ನಾಲ್ಕು ಜನ ಜೊತೆಗೂಡಿದರೆ ಸಾಕು.