ಪೆಟ್ ಸ್ಕ್ಯಾನ್ ಅಂದ್ರೆ ಬರೀ ಕ್ಯಾನ್ಸರಾ?

1/5
ದೋಸ್ತರೇ, ಪೆಟ್ ಸ್ಕ್ಯಾನ್ ಅಂದ ಕೂಡಲೇ "ಯಾರಿಗೆ ಕ್ಯಾನ್ಸರ್ ಆಗ್ಯಾದ?" ಅಂತ ಕೇಳೋದು ಬಿಡ್ರಿ. ಎದೆಯೊಳಗ ಕೃತಕ ವಾಲ್ವ್ ಅಥವಾ ಪೇಸ್‌ಮೇಕರ್ ಇದ್ದವರಿಗೆ ಜ್ವರ ಬಿಡದೇ ಕಾಡಿದಾಗ, ರೋಗ ಎಲ್ಲಿ ಕುಂತದ ಅಂತ ತೋರಿಸೋದು ಇದೇ ಆಗಬಹುದು. ಚಿಂಚೋಳಿಯಲ್ಲಿ ಇದು ಮಾತಿಗೇ ಬರಲ್ಲ. ಬರಬೇಕು.

2/5
ಚಿಕ್ಕಂದಿನ ಗಂಟಲು ನೋವು, ಅದರಿಂದ ರುಮ್ಯಾಟಿಕ್ ಜ್ವರ, ಅದರಿಂದ ಕೆಟ್ಟ ವಾಲ್ವ್. ಈ ದಾರಿ ಹಿಡಿಯೋದು ಹೆಚ್ಚಾಗಿ ಬಡವರ ಮಕ್ಕಳೇ. ಆಪರೇಷನ್ ಮಾಡಿ ಹಾಕಿದ ವಾಲ್ವ್ ಮೇಲೆ ಬ್ಯಾಕ್ಟೀರಿಯಾ ಗೂಡು ಕಟ್ಟಿದ್ರೆ, ಲೋಹದ ನೆರಳು ಅಡ್ಡ ಬಂದು ಎಕೋದಲ್ಲಿ ಕಾಣದೇ ಹೋಗಬಹುದು. ಪೆಟ್‌ಗೆ ವಿಕಿರಣ ಸೂಸೋ ಸಕ್ಕರೆಯಂಥ ಔಷಧಿ ಚುಚ್ಚುತಾರೆ. ಸೋಂಕಿನ ಜಾಗಕ್ಕೆ ಬಂದ ಬಿಳಿ ರಕ್ತಕಣಗಳು ಅದನ್ನ ಹೀರ್ತಾವ, ಆ ಜಾಗ ಚಿತ್ರದಲ್ಲಿ ಹೊಳೀತದ.

3/5
"ಇದೆಲ್ಲ ದೊಡ್ಡೋರ ಷೋಕಿ" ಅಂತೀರಾ? 2015ರಲ್ಲೇ ಯುರೋಪಿನ ಹೃದ್ರೋಗ ತಜ್ಞರ ಸಂಘ ಕೃತಕ ವಾಲ್ವ್ ಸೋಂಕಿನ ಪತ್ತೆಗೆ ಇದನ್ನ ಸೇರಿಸ್ತು. 2023ರ ಡ್ಯೂಕ್ ಮಾನದಂಡ ಇದನ್ನ ಪ್ರಮುಖ ಸಾಕ್ಷಿ ಅಂತ ಒಪ್ಪಿತು. ಮಿತಿಗಳೂ ಅವ. ಆಪರೇಷನ್ ಆಗಿ ಮೂರು ತಿಂಗಳೊಳಗ ಮಾಯ್ತಿರೋ ಗಾಯನೂ ಹೊಳೀಬಹುದು. ಹುಟ್ಟಿನಿಂದ ಇರೋ ವಾಲ್ವ್‌ನ ಸೋಂಕು ಇದರ ಕಣ್ಣು ತಪ್ಪಿಸಬಹುದು. ಹಾಗಾಗಿ ಎಕೋ, ರಕ್ತದ ಕಲ್ಚರ್ ಬೇಕೇ ಬೇಕು.

4/5
"ಊರೂರಿಗೆ ಯಂತ್ರ ಇಡೋಕಾಗ್ತದಾ?" ಯಾರೂ ಕೇಳ್ತಿಲ್ಲ. ಆ ಔಷಧಿಯ ವಿಕಿರಣ 110 ನಿಮಿಷಕ್ಕೆ ಅರ್ಧ ಆಗ್ತದ. ಚಿಂಚೋಳಿಯಿಂದ ಕಲಬುರಗಿಗೆ ಬಸ್ ಮುಟ್ಟೋದ್ರೊಳಗ ಅರ್ಧ ಖಾಲಿ! ರೋಗಿನೇ ಹೋಗಬೇಕು, ಸರಿ. ಆದ್ರೆ ಹಿಂದಿನ ದಿನ ರೊಟ್ಟಿ, ಅನ್ನ, ಸಕ್ಕರಿ ಚಾ ಬಿಟ್ಟು, ಆಮೇಲೆ ಉಪವಾಸ ಇರಬೇಕು. ಇಲ್ಲಾಂದ್ರೆ ಹೃದಯದ ಸ್ನಾಯುನೇ ಹೊಳೆದು ಪರೀಕ್ಷೆ ಹಾಳು. ಇದನ್ನ ನಮ್ಮ ಮಾತಿನಾಗ ಮೊದಲೇ ಹೇಳೋರು ಬೇಕು.

2024ರ ಡಿಸೆಂಬರ್‌ನಲ್ಲಿ ಕಲಬುರಗಿಗೆ 371 ಹಾಸಿಗೆಯ ಜಯದೇವ ಆಸ್ಪತ್ರೆ ಬಂತು. ಸಂತೋಷ. ಹಾಸಿಗೆ ಎಣಿಸಿದ್ದು ಸಾಕು. ವಾಲ್ವ್ ಸೋಂಕಿನ ಅನುಮಾನ ಬಂದ್ರೆ ನಮ್ಮ ಭಾಗದ ಬಡ ರೋಗಿಗೆ ಪೆಟ್ ಎಲ್ಲಿ, ಎಷ್ಟು ದಿನದಾಗ, ಯಾರ ದುಡ್ಡಿನಾಗ? 371(ಜೆ) ಹೆಸರಲ್ಲಿ ಓಟು ಕೇಳೋರನ್ನ ಇದನ್ನೂ ಕೇಳ್ರಿ.

5/5
ಇವತ್ತೇ ಮಾಡೋದು ಇಷ್ಟು. ಮನೆಯಾಗ ವಾಲ್ವ್ ಅಥವಾ ಪೇಸ್‌ಮೇಕರ್ ಇದ್ದವರಿಗೆ ಜ್ವರ ಬಂದ್ರೆ ಡಾಕ್ಟರಿಗೆ ಮೊದಲ ಮಾತಿನಾಗೇ ಅದನ್ನ ಹೇಳ್ರಿ. ಆಂಟಿಬಯೋಟಿಕ್ ಶುರು ಮಾಡೋ ಮುಂಚೆ ರಕ್ತದ ಕಲ್ಚರ್ ತಗೊಳ್ರಿ ಅಂತ ಕೇಳ್ರಿ. ಸುಮ್ಮನೆ ಎರಡು ಸೂಜಿ ಹಾಕಿಸಿಕೊಂಡು ಬಂದ್ರೆ ಕ್ರಿಮಿಯ ಗುರುತೇ ಸಿಗದೇ ಹೋಗಬಹುದು. ಈ ಪೋಸ್ಟ್ ಸೇವ್ ಮಾಡ್ರಿ, ಅಂಥವರು ಇರೋ ಮನೆಗೆ ಕಳಿಸ್ರಿ.

#ಚಿಂಚೋಳಿ #ಕಲಬುರಗಿ #ಹೃದಯದ_ಮಾತು