ಗೂನು ಬೆನ್ನಿನ ಕೋವಿ ಮತ್ತು ಅಸಲಿಯ ಜಗಳ

ಅಮೆರಿಕದ ಬಾತುಕೋಳಿ ಬೇಟೆಗಾರರ ಮನೆಗಳಲ್ಲಿ ಬೆನ್ನು ಗೂನಿನಂತೆ ಎದ್ದುನಿಂತ ಬ್ರೌನಿಂಗ್ ಆಟೋ-5 ಕೋವಿ ಅಜ್ಜನಿಂದ ಮೊಮ್ಮಗನಿಗೆ ಇಳಿದುಬರುವ ಆಸ್ತಿ. ಜಾನ್ ಮೋಸೆಸ್ ಬ್ರೌನಿಂಗ್ ಇದಕ್ಕೆ ಪೇಟೆಂಟ್ ಪಡೆದದ್ದು 1900ರಲ್ಲಿ. ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆ ಇದನ್ನು ದಶಕಗಳ ಕಾಲ ತಯಾರಿಸಿತು, ಬಳಿಕ ಜಪಾನಿನ ಮಿರೊಕು ಮುಂದುವರಿಸಿತು, 1990ರ ದಶಕದ ಕೊನೆಗೆ ಉತ್ಪಾದನೆ ನಿಂತಿತು. 2012ರಲ್ಲಿ ಬ್ರೌನಿಂಗ್ ಕಂಪನಿ ಅದೇ ಗೂನು ಬೆನ್ನಿನ ಹೊಸ ಕೋವಿಯನ್ನು ‘ಎ5’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಾಗ ಬೇಟೆಗಾರರು ಎರಡು ಬಣವಾದರು. ಒಳ್ಳೆಯ ಕೋವಿ ಎಂದು ಒಂದು ಬಣ ಕೊಂಡುಕೊಂಡಿತು. ಇದು ಇಟಲಿಯ ಬೆನೆಲಿ ಕೋವಿಗೆ ಬ್ರೌನಿಂಗ್ ಅಂಗಿ ತೊಡಿಸಿದ ವೇಷ ಎಂದು ಇನ್ನೊಂದು ಬಣ ಮೂಗು ಮುರಿಯಿತು. ಈ ಎರಡನೆಯವರ ಸಿಟ್ಟು ಹುಸಿಯಲ್ಲ, ಆದರೆ ಅವರು ಜಗಳ ತೆಗೆದಿರುವ ಜಾಗ ಸರಿಯಿಲ್ಲ ಎನ್ನುವುದು ನನ್ನ ವಾದ.

ಅವರ ಮುಖ್ಯ ದೂರು ಯಂತ್ರದ ಬಗ್ಗೆ. ಹಳೆಯ ಆಟೋ-5ರಲ್ಲಿ ಗುಂಡು ಹಾರಿದೊಡನೆ ನಳಿಗೆ ಮತ್ತು ಬೋಲ್ಟ್ ಒಂದಕ್ಕೊಂದು ಕಚ್ಚಿಕೊಂಡೇ ಹಿಂದಕ್ಕೆ ಸರಿಯುತ್ತಿದ್ದವು. ಮೊದಲು ನಳಿಗೆ ಮುಂದಕ್ಕೆ ಮರಳುತ್ತಿತ್ತು, ಅದರ ಹಿಂದೆಯೇ ಬೋಲ್ಟ್ ಹೊಸ ತೋಟಾ ಎತ್ತಿಕೊಂಡು ಬರುತ್ತಿತ್ತು. ಭುಜಕ್ಕೆ ತಾಗುತ್ತಿದ್ದ ಆ ಎರಡು ಹಂತದ ಅಲುಗಾಟವೇ ಅನೇಕರಿಗೆ ಈ ಕೋವಿಯ ಗುರುತು. ಹೊಸದರಲ್ಲಿ ನಳಿಗೆ ಮಿಸುಕುವುದಿಲ್ಲ. ಒದೆತಕ್ಕೆ ಕೋವಿ ಹಿಂದೆ ಸರಿದಾಗ ಭಾರದ ಬೋಲ್ಟ್ ಇದ್ದಲ್ಲೇ ಉಳಿಯಲು ಹವಣಿಸುತ್ತದೆ, ನಡುವಿನ ಬಿಗಿ ಸ್ಪ್ರಿಂಗ್ ಅದುಮಿಕೊಂಡು ಮರುಕ್ಷಣವೇ ಬೋಲ್ಟನ್ನು ಹಿಂದಕ್ಕೆ ನೂಕುತ್ತದೆ. ಇಟಲಿಯ ಬ್ರೂನೊ ಸಿವೊಲಾನಿ ರೂಪಿಸಿ ಬೆನೆಲಿ ಪ್ರಸಿದ್ಧಗೊಳಿಸಿದ ಜಡತ್ವದ ತತ್ವವೇ ಇದು. ಹಾಗಾಗಿ ವಂಶ ಬೇರೆ ಎನ್ನುವ ಮಾತಿನಲ್ಲಿ ತಪ್ಪಿಲ್ಲ. ಆದರೆ ಹಳೆಯ ಯಂತ್ರವನ್ನು ಹೊಗಳುವವರು ಅದರ ಘರ್ಷಣೆಯ ಬಳೆಗಳನ್ನು ಮರೆಯುತ್ತಾರೆ. ತೋಟಾ ಹಗುರವೋ ಜೋರೋ ನೋಡಿ, ಮುಂಗೈಹಿಡಿ ಬಿಚ್ಚಿ, ಬಳೆಗಳ ಜಾಗ ಬದಲಿಸಬೇಕಿತ್ತು. ಬದಲಿಸದೆ ಜೋರು ತೋಟಾ ಹಾರಿಸಿದವರ ಕೋವಿಗಳಲ್ಲಿ ಮುಂಗೈಹಿಡಿಯ ಮರ ಸೀಳುತ್ತಿತ್ತು. ಹೊಸ ಕೋವಿ ಆ ಕಾಟ ಕಳೆದಿದೆ. ತೀರಾ ಹಗುರ ತೋಟಾಗಳಲ್ಲಿ ತಡವರಿಸುವುದು, ಬೋಲ್ಟನ್ನು ಮೆಲ್ಲಗೆ ಮುಚ್ಚಿದರೆ ಪೂರ್ತಿ ಬಿಗಿಯದೆ ಕೈಕೊಡುವುದು ಜಡತ್ವದ ಕೋವಿಗಳ ಜಾತಿಗುಣ, ಅದನ್ನೂ ಒಪ್ಪಿಕೊಳ್ಳೋಣ.

ಇದಕ್ಕಿಂತ ದೊಡ್ಡ ಸಂಗತಿ ಕಾನೂನಿನದು. ಜೌಗಿನ ತಳದಲ್ಲಿ ಬಿದ್ದ ಸೀಸದ ಚರೆ ನುಂಗಿ ಹಕ್ಕಿಗಳು ವಿಷವೇರಿ ಸಾಯುತ್ತಿದ್ದವು. ಹಾಗಾಗಿ ಅಮೆರಿಕ 1991ರಿಂದ ಇಡೀ ದೇಶದಲ್ಲಿ ಜಲಪಕ್ಷಿ ಬೇಟೆಗೆ ಸೀಸ ನಿಷೇಧಿಸಿತು. ಜನ ಉಕ್ಕಿನ ಚರೆಗೆ ಹೊರಳಿದರು. ಬೆಲ್ಜಿಯಂನ ಹಳೆಯ ನಳಿಗೆಗಳಲ್ಲಿ ಉಕ್ಕಿನ ಚರೆ ಬಳಸಬೇಡಿ ಎಂದು ಸ್ವತಃ ಬ್ರೌನಿಂಗ್ ಕಂಪನಿಯೇ ಹೇಳುತ್ತದೆ. ಬಿಸ್ಮತ್‌ನಂಥ ಮೆದು ಚರೆ ಉಂಟಲ್ಲ ಎನ್ನಬಹುದು, ಉಂಟು, ಬೆಲೆ ಕೇಳಿದರೆ ಹೆಚ್ಚಿನವರು ಹಿಂದೆ ಸರಿಯುತ್ತಾರೆ. ಅಂದರೆ ‘ಅಸಲಿ’ ಆಟೋ-5 ತಾನು ಹೆಸರು ಮಾಡಿದ ಜೌಗಿನಲ್ಲೇ ಅರ್ಧ ನಿವೃತ್ತವಾಗಿದೆ. ಆ ಕೆಲಸವನ್ನು ಗೂನು ಬೆನ್ನಿನ ಉದ್ದನೆಯ ನೇರ ನೋಟರೇಖೆಯೊಂದಿಗೆ, ಉಕ್ಕಿನ ಚರೆಗೆಂದೇ ಮಾಡಿದ ನಳಿಗೆಯಲ್ಲಿ ಮುಂದುವರಿಸುತ್ತಿರುವುದು ‘ನಕಲಿ’ಯೇ.

ಯಂತ್ರ ಬದಲಿಸಿಯೂ ಹಳೆಯ ಹೆಸರಿಟ್ಟದ್ದು ನೆನಪಿನ ವ್ಯಾಪಾರ ಎಂಬ ಆಕ್ಷೇಪ ನಮಗೂ ಹೊಸದಲ್ಲ. ವನ್ಯಜೀವಿ ಕಾಯ್ದೆ ಬಂದ 1972ರಿಂದ ಬೇಟೆಯ ಚರ್ಚೆ ಇಲ್ಲಿ ಅಪ್ರಸ್ತುತ, ನಿಜ. ಆದರೆ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಬೈಕಿನ ಹೆಸರು 2018ರಲ್ಲಿ ಫೋರ್ ಸ್ಟ್ರೋಕ್ ಎಂಜಿನ್ ಹೊತ್ತು ಮರಳಿದಾಗ ಹಳೆಯ ಅಭಿಮಾನಿಗಳು ಹೀಗೆಯೇ ಗೊಣಗಿದರು. ಟೂ ಸ್ಟ್ರೋಕಿನ ಆ ಸದ್ದು ಹೊಗೆಯ ನಿಯಮಗಳ ಕಾಲದಲ್ಲಿ ಸಾಧ್ಯವಿರಲಿಲ್ಲ. ಹೆಸರಿನ ವ್ಯಾಪಾರ ಅಲ್ಲೂ ಇತ್ತು, ಇಲ್ಲೂ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಬೆನೆಲಿ ಯಾವ ಗೂನೂ ಇಲ್ಲದೆ ತನ್ನ ಕಾಲ ಮೇಲೆ ನಿಂತಿತು, ಬ್ರೌನಿಂಗ್‌ಗೆ ಅಜ್ಜನ ನೆರಳು ಬೇಕಾಯಿತು. ಆದರೂ ಕೊಳ್ಳುವವನಿಗೆ ಮೋಸವಾಗಿಲ್ಲ. ಕಂಪನಿ ಹೊಸ ಯಂತ್ರಕ್ಕೆ ‘ಕೈನೆಮ್ಯಾಟಿಕ್ ಡ್ರೈವ್’ ಎಂದು ಬೇರೆಯೇ ಹೆಸರಿಟ್ಟು ಸಾರಿಕೊಂಡೇ ಮಾರುತ್ತದೆ. ಪರಂಪರೆಯ ಮಾತಿಗೆ ಬಂದರೆ, ಜೋಡಿ ನಳಿಗೆಯವರ ಕಣ್ಣಿಗೆ ಒಂದು ಕಾಲಕ್ಕೆ ಆಟೋ-5 ಕೂಡ ಅನಾಚಾರವಾಗಿತ್ತು. ಪೆನ್ಸಿಲ್ವೇನಿಯಾ ರಾಜ್ಯ ತಾನೇ ತೋಟಾ ತುಂಬಿಕೊಳ್ಳುವ ಇಂಥ ಕೋವಿಗಳನ್ನು ಬೇಟೆಯಿಂದಲೇ ದಶಕಗಟ್ಟಲೆ ದೂರವಿಟ್ಟಿತ್ತು.

ದೂರು ಗಟ್ಟಿಯಾಗುವುದು ತೂಕದಲ್ಲಿ. ಉಕ್ಕಿನ ಮೈಯ ಹಳೆಯ 12 ಬೋರ್ ಸುಮಾರು 3.6 ಕಿಲೋ ತೂಗುತ್ತಿತ್ತು. ಅಲ್ಯೂಮಿನಿಯಂ ಮೈಯ ಹೊಸದು 3 ಕಿಲೋಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ದಿನವಿಡೀ ಹೊತ್ತು ನಡೆಯುವವನಿಗೆ ಇದು ವರ. ಕೂತಲ್ಲೇ ಕೂತು ಬಾತುಕೋಳಿಗೆ ಕಾಯುವವನು ನಡೆಯುವುದೇ ಕಡಿಮೆ, ಹಾರಿಸುವುದೋ ಜೋರು ತೋಟಾ. ಅವನ ಭುಜಕ್ಕೆ ಒದೆತ ಖಾರವಾಗಿಯೇ ಬೀಳುತ್ತದೆ, ಮೂರೂವರೆ ಇಂಚಿನ ತೋಟಾ ಆದರಂತೂ ಕೇಳುವುದೇ ಬೇಡ. ಹಳೆಯ ಕೋವಿ ‘ಮೆದು’ ಎಂಬ ನೆನಪಿನಲ್ಲಿ ಅದರ ಯಂತ್ರಕ್ಕಿಂತ ತೂಕದ ಪಾಲೇ ಹೆಚ್ಚಿರಬೇಕು. ಹಗುರವೇ ಬೇಕೆಂದವರಿಗೆ ಬ್ರೌನಿಂಗ್ 1937ರಲ್ಲೇ 16 ಬೋರಿನ ‘ಸ್ವೀಟ್ ಸಿಕ್ಸ್‌ಟೀನ್’ ಕೊಟ್ಟಿತ್ತು. 2016ರಲ್ಲಿ ಅದೂ ಹೊಸ ರೂಪದಲ್ಲಿ ಬಂತು. ಅದು ಹಗುರವಾಯಿತೆಂದು ಗೊಣಗಲು ಹಳಬರಿಗೂ ಕಾರಣವಿಲ್ಲ. ತೂಕ ಬೇಕಾಗಿದ್ದುದು 12 ಬೋರಿಗೆ.