ಲಾಭ ಯಾರ ಖಾತೆಗೆ?

1993ರಲ್ಲಿ ಪ್ರಸಾರವಾದ ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ ಧಾರಾವಾಹಿಯ ಒಂದು ಕಂತು ಮೇಲ್ನೋಟಕ್ಕೆ ಧರ್ಮ-ವಿಜ್ಞಾನಗಳ ಸಂಘರ್ಷದ ಕಥೆ. ಬಾಹ್ಯಾಕಾಶ ನಿಲ್ದಾಣದ ಶಾಲೆಯಲ್ಲಿ ಶಿಕ್ಷಕಿ ಕೇಕೊ, ವರ್ಮ್‌ಹೋಲ್ ಎಂಬ ಆಕಾಶಸುರಂಗವನ್ನು ವಿಜ್ಞಾನದ ಪಾಠವಾಗಿ ಬೋಧಿಸುತ್ತಾಳೆ. ಬಜೋರ್ ಗ್ರಹದವರಿಗೆ ಅದು ಪ್ರವಾದಿಗಳ ದಿವ್ಯಾಲಯ. ಧರ್ಮಗುರು ವಿನ್ ಪ್ರತಿಭಟಿಸುತ್ತಾಳೆ. ಪೋಷಕರು ಮಕ್ಕಳನ್ನು ಶಾಲೆ ಬಿಡಿಸುತ್ತಾರೆ. ಕೊನೆಗೆ ಶಾಲೆಯಲ್ಲಿ ಬಾಂಬು ಸಿಡಿಯುತ್ತದೆ.

ಲೆಕ್ಕಪರಿಶೋಧನೆಯ ವೃತ್ತಿ ನನಗೆ ಕಲಿಸಿದ ಪ್ರಶ್ನೆ ಒಂದೇ: ಲಾಭ ಯಾರ ಖಾತೆಗೆ? ಉತ್ತರ ಕಥೆಯಲ್ಲಿಯೇ ಇದೆ. ಪರಮಗುರುವಿನ ಪದವಿಗೆ ವಿನ್‌ಳ ಪ್ರತಿಸ್ಪರ್ಧಿ ಉದಾರಮನಸ್ಸಿನ ಬರೈಲ್. ಕ್ಷೋಭೆಯನ್ನು ಶಮನಗೊಳಿಸಲು ಅವನು ನಿಲ್ದಾಣಕ್ಕೆ ಬಂದಾಗ, ವಿನ್‌ಳ ಅನುಯಾಯಿನಿಯೊಬ್ಬಳು ಅವನ ಕೊಲೆಗೆ ಯತ್ನಿಸುತ್ತಾಳೆ. ಪಾಠದ ವಿವಾದವು ಅವನನ್ನು ಅಲ್ಲಿಗೆ ಸೆಳೆಯಲು ಒಡ್ಡಿದ ಬಲೆ.

ಆದರೆ ಕಥೆಯು ಶ್ರದ್ಧೆಯನ್ನು ಹೀಗಳೆಯುವುದಿಲ್ಲ. ಬಜೋರರ ನಂಬಿಕೆಯನ್ನು ಹಳಿದ ಮಗನನ್ನು ನಿಲ್ದಾಣದ ಅಧಿಪತಿ ಸಿಸ್ಕೊ ತಿದ್ದುತ್ತಾನೆ: ಪರಕೀಯರ ಆಳ್ವಿಕೆಯಲ್ಲಿ ಆ ಜನರನ್ನು ಉಳಿಸಿದ್ದು ಅದೇ ಶ್ರದ್ಧೆ.

ಒಂದೇ ವಸ್ತುವಿಗೆ ಹಲವು ನೋಟಗಳುಂಟೆಂಬುದು ಅನೇಕಾಂತವನ್ನು ಬಲ್ಲ ನಮಗೆ ಹೊಸತಲ್ಲ. ಆದುದರಿಂದ ಧರ್ಮದ ಹೆಸರಿನಲ್ಲಿ ಮಕ್ಕಳ ಪಾಠದ ವಿರುದ್ಧ ಕೂಗೆದ್ದಾಗ, ಅದು ನಮ್ಮ ಸಮಾಜದ್ದೇ ಆಗಿರಲಿ, ಶ್ರದ್ಧೆಯನ್ನು ಶಂಕಿಸುವ ಮೊದಲು ಕೂಗಿದವರ ಪದವಿಯಾಸೆಯನ್ನು ಪರಿಶೋಧಿಸೋಣ.